ಜೋಗೇಶ್ವರಿಯಲ್ಲಿ ಕಾಣಿಸಿದ ಸೋಮವ್ವ

ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ಏಳು ಮಹಡಿಯ ಮೆಟ್ಟಿಲುಗಳನ್ನು ಹನ್ನೆರಡು ವರ್ಷದಿಂದ ಗುಡಿಸುತ್ತಿರುವವಳು ಕಲಬುರಗಿ ಕಡೆಯ ಸೋಮವ್ವ. ಮಂಡಿ ಸವೆದಿದೆ. ಒಂದು ಮಹಡಿ ಇಳಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ನೋಡಿದರೆ ನನಗೇ ಸುಸ್ತಾಗುತ್ತದೆ. ಆದರೂ ಈ ಕೆಲಸ ಹೋದರೆ ಈ ವಯಸ್ಸಿನಲ್ಲಿ ಅವಳನ್ನು ಬೇರೆ ಯಾರು ಕರೆಯುತ್ತಾರೆ?

ಅವಳ ಏಜೆನ್ಸಿಯವರು ಹಾಜರಿಗೆ ಆ್ಯಪ್ ತಂದಿದ್ದಾರೆ. ಬೆಳಗ್ಗೆ ಏಳರೊಳಗೆ ಬಟನ್ ಒತ್ತಬೇಕು. ತಾನೆಲ್ಲಿದ್ದೇನೆಂದು ಫೋನೇ ಹೇಳಿಬಿಡುತ್ತದೆ. ಸೋಮವ್ವ ಮೆಟ್ಟಿಲ ಕೆಳಗೆ ಪೊರಕೆ, ಬಕೆಟ್ ಇಡುವ ಮೂಲೆಯಲ್ಲಿ ಕೂತು ಒತ್ತುತ್ತಿದ್ದಳು. ಕಳೆದ ವಾರ ಎರಡು ದಿನ ಗೈರುಹಾಜರಿ ಬಿತ್ತು. ಮೂರಾದರೆ ಕೆಲಸದಿಂದ ತೆಗೆಯುತ್ತಾರೆ.

ಮೂರನೆಯ ಸಲ ಹಾಗೇ ಆಗುವ ಹೊತ್ತಿಗೆ ಸೂಪರ್‌ವೈಸರ್ ಸುಭಾಷ ಬಂದೇಬಿಟ್ಟಿದ್ದ. ನಾನು ಹಾಲು ತರಲು ಹೊರಟಿದ್ದೆ.

“ಮಾವಶಿ, ನೀ ಜೋಗೇಶ್ವರಿದಾಗ ಇದ್ದೀ ಅಂತ ತೋರಸ್ಲಾಕತ್ತದ.”

“ನಿನ್ನ ಎದುರಿಗೇ ನಿಂತೀನಲ್ಲೋ ತಮ್ಮಾ!”

“ನಾ ನೋಡಿದ್ರ ಏನಾಯ್ತು? ಸಿಸ್ಟಮ್ ನೋಡಬೇಕಲ್ಲ.”

ನನ್ನ ಮೈಯೆಲ್ಲ ಉರಿಯಿತು. ಮರುಕ್ಷಣವೇ ನಾಚಿಕೆಯಾಯಿತು. ದಾದರ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು ನಾನು, ಇಷ್ಟು ಹೊಳೆಯಬಾರದೇ? ಉಪಗ್ರಹದ ಸಿಗ್ನಲ್ ಮೆಟ್ಟಿಲ ಕೆಳಗೆ ಸಿಗುವುದಿಲ್ಲ. ಸಿಕ್ಕರೂ ಸದಾ ಅದನ್ನೇ ಹುಡುಕುತ್ತಿದ್ದರೆ ಬ್ಯಾಟರಿ ಉಳಿಯುವುದಿಲ್ಲ. ಹಾಗಾಗಿ ಫೋನು ಸುತ್ತ ಯಾರ ಯಾರ ವೈಫೈ ಡಬ್ಬಿ ಇದೆ ಎಂದು ನೋಡಿ, ಆ ಡಬ್ಬಿಗಳು ಹಿಂದೆ ಎಲ್ಲಿದ್ದವೋ ಅಲ್ಲೇ ತಾನೂ ಇದ್ದೇನೆ ಎಂದುಕೊಳ್ಳುತ್ತದೆ. ಕನೆಕ್ಟ್ ಆಗಲೇಬೇಕೆಂದಿಲ್ಲ. ಆ ಮೂಲೆಯ ಗೋಡೆಯಾಚೆ ನಮ್ಮ ಮನೆ. ಗೋಡೆಗೆ ತಗುಲಿಸಿದ ನಮ್ಮ ಡಬ್ಬಿ ಆರು ವರ್ಷ ಜೋಗೇಶ್ವರಿಯ ನಮ್ಮ ಹಳೆ ಮನೆಯಲ್ಲಿತ್ತು. ಎಂಟು ದಿನದ ಹಿಂದೆ ಸಾಮಾನಿನ ಜೊತೆ ಇಲ್ಲಿಗೆ ಬಂದಿದೆ. ಫೋನುಗಳ ಲೆಕ್ಕದಲ್ಲಿ ಅದರ ವಿಳಾಸ ಮಾತ್ರ ಇನ್ನೂ ಬದಲಾಗಿಲ್ಲ.

“ತಪ್ಪು ನಮ್ಮನೆ ಡಬ್ಬಿಯದ್ದು ಮಾರಾಯ್ರೆ, ನಿಮ್ಮದಲ್ಲ. ಹೊರಗೆ ಬನ್ನಿ, ಆಕಾಶ ಕಾಣ್ಬೇಕು.”

ಗೇಟಿನಾಚೆ ರಸ್ತೆಯಲ್ಲಿ ಫೋನು ಹಿಡಿದು ನಿಂತೆವು. ವೈಫೈ ಬಿಟ್ಟು ಉಪಗ್ರಹವನ್ನೇ ನೋಡುವಂತೆ ಲೊಕೇಶನ್ ಸೆಟ್ಟಿಂಗ್ ಬದಲಿಸಿದೆ. ಏಳಕ್ಕೆ ಎರಡು ನಿಮಿಷವಿದ್ದಾಗ ಹಸಿರು ಗುರುತು ಬಿತ್ತು.

ಸುಭಾಷ ತನ್ನ ಫೋನು ನೋಡಿ ತಲೆಯಾಡಿಸಿದ. “ಹಾಂ, ಈಗ ಬಂದಿ ನೋಡು.”

ಸೋಮವ್ವನಿಗೆ ಸಿಟ್ಟೂ ಬರಲಿಲ್ಲ, ಖುಷಿಯೂ ಆಗಲಿಲ್ಲ. ಫೋನನ್ನು ಅವನ ಮುಂದೆ ಹಿಡಿದಳು.

“ಆರಕ್ಕೇ ಬಂದೀನಪ್ಪಾ. ನಾಕು ಮಹಡಿ ಗುಡಿಸೀನಿ. ಅದಕ್ಕ ಎಲ್ಲಿ ಒತ್ತಬೇಕು, ತೋರಸು.”