ಕೆಂಪು ಡ್ರಮ್ಮಿನ ಹಿಂದೆ

ಕನ್ನಡಕದಂಗಡಿಯ ಯಜಮಾನರು ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಷಟರ್ ಅರ್ಧ ಎಳೆದು, ಊಟದ ಡಬ್ಬಿ ಬಿಚ್ಚುವ ಮೊದಲೇ ಕಂಪ್ಯೂಟರಿನ ಮುಂದೆ ಕುಳಿತು ಬಂದೂಕು ಹಿಡಿಯುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ಅಣ್ಣನ ಜೊತೆ ಆಡುತ್ತಿದ್ದ ಆ ಗುಂಡಿನಾಟಕ್ಕೆ ಯಾರೋ ಪುಣ್ಯಾತ್ಮರು ಹೊಸ ಬಣ್ಣ ಬಳಿದು ಮತ್ತೆ ಬಿಟ್ಟಿದ್ದಾರೆ. ಆಟದೊಳಗಿನ ಗೋದಾಮು ಅದೇ, ಮೆಟ್ಟಿಲು ಅದೇ, ವೇಗ ಮಾತ್ರ ಮೊದಲಿಗಿಂತ ಒಂದು ಕೈ ಮೇಲೆ. ಗಿರಾಕಿಗೆ ಒಂದು ಫ್ರೇಮು ಹುಡುಕಿಕೊಡಲು ಕಾಲು ಗಂಟೆ ತೆಗೆದುಕೊಳ್ಳುವ ಮನುಷ್ಯ ಇಲ್ಲಿ ಗೋಡೆಯಿಂದ ಗೋಡೆಗೆ ನೆಗೆದು, ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಮೂವರನ್ನು ಮಲಗಿಸಿರುತ್ತಾರೆ. ಮಲಗಿದವರಿಗೆಲ್ಲ ಮೈಕಿನಲ್ಲಿ "ಬೇಜಾರು ಮಾಡ್ಕೋಬೇಡಪ್ಪ" ಎನ್ನುತ್ತಾರೆ. ಮುಖ ಕಾಣದ ಆ ಆಟಗಾರರು ಅವರನ್ನು ಮಾಮ ಎಂದು ಕರೆಯುತ್ತಾರೆ. ಹಾಗೆ ಕರೆಯುವವರು ಅವರಿಗೆ ಬೇರೆ ಯಾರೂ ಇಲ್ಲ. ಇಂಥ ಮಾಮ ಗೋದಾಮಿನ ಮೂಲೆಯ ಕೆಂಪು ಡ್ರಮ್ಮಿನತ್ತ ಮಾತ್ರ ಇವತ್ತಿಗೂ ಒಂದು ಗುಂಡು ಹಾರಿಸಿಲ್ಲ. ತೀರಿಹೋದ ಅಣ್ಣ ಆಗೆಲ್ಲ ಅಡಗುತ್ತಿದ್ದುದು ಅಲ್ಲೇ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ದಾಟಿಹೋಗಿ ಬೆನ್ನಿಗೆ ಗುಂಡು ತಿನ್ನುವುದು ಆಗಿನಿಂದಲೂ ಈ ತಮ್ಮನ ಅಭ್ಯಾಸ. ಆ ಅಭ್ಯಾಸ ಬಯಲಾಗಿ, ಈಗ ಎಲ್ಲರೂ ಅಲ್ಲೇ ಕೂತು ಮಾಮನನ್ನು ಹೊಡೆಯುತ್ತಾರೆ. ನಿನ್ನೆ ಹಾಗೆ ಹೊಡೆದ ಹುಡುಗಿಯೊಬ್ಬಳಿಗೆ ಯಾಕೋ ಪಾಪ ಅನ್ನಿಸಿತು. "ಮಾಮ, ದಿನಾ ಇಲ್ಲೇ ಸಾಯ್ತೀರಲ್ಲ, ಡ್ರಮ್ಮಿನ ಹಿಂದೆ ಯಾರಾದ್ರೂ ಇರ್ತಾರೆ ಅಂತ ಗೊತ್ತಾಗಲ್ವಾ?" "ಗೊತ್ತಮ್ಮ," ಎಂದರು ಮಾಮ, "ಯಾರೂ ಇಲ್ಲದ ದಿನಾನೇ ದಾಟೋದು ಕಷ್ಟ."