ಸರ್ವಸನ್ನದ್ಧ ಗುಮಾಸ್ತ

ಆರೋಗ್ಯ ಇಲಾಖೆಯ ಆ ಗುಮಾಸ್ತನನ್ನು ಕಚೇರಿಯವರೆಲ್ಲ ಕರೆಯುತ್ತಿದ್ದದ್ದು 'ಸರ್ವಸನ್ನದ್ಧ' ಎಂದೇ. ಸಾಂಕ್ರಾಮಿಕ ಜ್ವರ ಬಂದರೆ ಎದುರಿಸಲು ಇಲಾಖೆ ಸರ್ವಸನ್ನದ್ಧ ಎಂಬ ವರದಿಯನ್ನು, ಇಸವಿಯೊಂದನ್ನೇ ಬದಲಿಸಿ, ಹತ್ತೊಂಬತ್ತು ವರ್ಷಗಳಿಂದ ಅವನೇ ಕಳಿಸುತ್ತಿದ್ದ. ಅದರಲ್ಲಿ ರೋಗಿಗಳ ಮಂಚಗಳು ಅರವತ್ತು. ಎಂದೆಂದಿಗೂ ಅರವತ್ತೇ.

ಆ ವರದಿಯನ್ನು ನಂಬದವರಲ್ಲಿ ಮೊದಲಿಗನೂ ಅವನೇ. ಹಿಂದೆ ದೊಡ್ಡ ಜ್ವರ ಬಂದ ವರ್ಷ ಅವನ ಮುತ್ತಜ್ಜಿ ಒಂದೇ ವಾರದಲ್ಲಿ ಮೂರು ಮಕ್ಕಳನ್ನು ಕಳೆದುಕೊಂಡಿದ್ದಳು. ಅದೇ ವಾರ ಸರ್ಕಾರದವರು ಬೀದಿಯಲ್ಲಿ, 'ಗಾಬರಿ ಬೇಡ, ಎಲ್ಲ ಏರ್ಪಾಡಾಗಿದೆ' ಎಂದು ಸಾರಿದ್ದರಂತೆ. ಅಂದಿನಿಂದ ಮನೆಯಲ್ಲಿ ಯಾರು ಸುಳ್ಳು ಹೇಳಿದರೂ ಅದಕ್ಕೆ 'ಏರ್ಪಾಡು' ಎಂದೇ ಹೆಸರು. ಅವನಿಗೆ ಈ ಕೆಲಸ ಸಿಕ್ಕಾಗ ಅಮ್ಮ, "ಅಂತೂ ಏರ್ಪಾಡು ನಮ್ಮನೆಗೇ ಬಂತು" ಎಂದಿದ್ದಳು.

ಹತ್ತೊಂಬತ್ತನೆಯ ವರದಿ ಕಳಿಸಿದ ವರ್ಷ ಜ್ವರ ನಿಜವಾಗಿಯೂ ಬಂತು. ವರದಿಯಲ್ಲಿದ್ದ ಸಹಾಯವಾಣಿಯ ನಂಬರನ್ನು ಗೋಡೆಗೋಡೆಗೂ ಅಂಟಿಸಿದರು. ಅದು ಅವನ ಮೇಜಿನ ಫೋನು. ಬೇರೆ ನಂಬರು ಹೊಳೆಯದೆ ಎಂದೋ ಅವನೇ ಬರೆದದ್ದು.

ಮೊದಲ ಕರೆ ದರ್ಜಿಯೊಬ್ಬನ ಹೆಂಡತಿಯದು. "ಯಜಮಾನ್ರಿಗೆ ಉಸಿರು ಸಿಗ್ತಿಲ್ಲ ಸಾರ್. ಮಂಚ ಖಾಲಿ ಇದ್ಯಾ?"

"ಒಂದ್ನಿಮಿಷ ಇರಿ ಅಮ್ಮ" ಎಂದವನು ಉಗ್ರಾಣಕ್ಕೆ ಓಡಿದ. ಅದರ ಬಾಗಿಲು ತೆಗೆದದ್ದು ಅದೇ ಮೊದಲು. ಹನ್ನೊಂದು ಮಂಚಗಳು, ನಾಲ್ಕಕ್ಕೆ ಕಾಲಿಲ್ಲ, ಉಳಿದವಕ್ಕೆ ಹಲಗೆಯಿಲ್ಲ. ಮಾಸ್ಕುಗಳ ಎಲಾಸ್ಟಿಕ್ ಮುಟ್ಟಿದರೆ ಪುಡಿ. ಇಲಿಗಳ ಮಟ್ಟಿಗೆ ಮಾತ್ರ ಇಲಾಖೆ ಸರ್ವಸನ್ನದ್ಧವಾಗಿತ್ತು.

ಬಂದು ಫೋನೆತ್ತಿದಾಗ ಬಾಯಿಗೆ ಬಂದದ್ದು ಅಭ್ಯಾಸದ ಮಾತೇ: "ಎಲ್ಲ ಏರ್ಪಾ..." ನಾಲಗೆ ಅಲ್ಲೇ ನಿಂತಿತು. "ಇಲ್ಲ ಅಮ್ಮ. ಇಲ್ಲೇನೂ ಇಲ್ಲ. ಬೇರೆ ಕಡೆ ಎಲ್ಲಿದೆ ಅಂತ ಕೇಳಿ ಹೇಳ್ತೀನಿ, ಫೋನ್ ಇಡ್ಬೇಡಿ."

"ಇಲ್ಲ ಅಂತ ಬಾಯ್ಬಿಟ್ಟು ಹೇಳಿದ್ರಲ್ಲ, ಈಗ ನಂಬಿಕೆ ಬಂತು" ಎಂದಳು ಆಕೆ. ಪಕ್ಕದ ಮೇಜಿನ ಫೋನಿನಿಂದ ಐದು ಆಸ್ಪತ್ರೆಗಳನ್ನು ಕೇಳಿ, ಆರನೆಯದರಲ್ಲಿ ಜಾಗ ಹಿಡಿದ. ದರ್ಜಿ ಬದುಕಿದ.

ಆಮೇಲೆ ಅದೇ ಅವನ ಕೆಲಸವಾಯಿತು. ಸುದ್ದಿ ಸಾಹೇಬರ ಕಿವಿಗೆ ಬಿತ್ತು. "ಇಲ್ಲ ಇಲ್ಲ ಅಂತ ಕಚೇರಿ ಮಾನ ಕಳೀತಿದ್ದೀರಲ್ರೀ."

"ಇದ್ರೆ ತಾನೆ ಸಾರ್ ಕಳೆಯೋಕೆ" ಎಂದುಬಿಟ್ಟ. ತನ್ನ ಧೈರ್ಯಕ್ಕೆ ತಾನೇ ಬೆರಗಾದ. ಸಂಜೆ ನೋಡಿಕೊಂಡರೆ ಮೈ ಕೆಂಡದಂತೆ ಸುಡುತ್ತಿತ್ತು. ಧೈರ್ಯದ್ದಲ್ಲ, ಜ್ವರದ ಮಾತದು ಎಂದು ನಾಚಿದ.

ಒಂಬತ್ತು ದಿನ ಮಲಗಿ ಎದ್ದು ಬಂದಾಗ ಜನನ ಮರಣ ನೋಂದಣಿಗೆ ವರ್ಗವಾಗಿತ್ತು. ಮೊದಲ ದಿನದ ಮರಣದ ಅರ್ಜಿಗಳಲ್ಲಿ, ಅವನ ಬಳಿ ಜಾಗ ಕೇಳಿ ಸಿಗದೆ ಹೋದ ಮೂವರ ಹೆಸರುಗಳಿದ್ದವು. ಒಂದಕ್ಷರವೂ ತಪ್ಪದಂತೆ, ನಿಧಾನವಾಗಿ ಬರೆದುಕೊಂಡ.