ಶಂಕ್ರವ್ವನ ಮಗ್ಗದಲ್ಲಿ ನನ್ನ ಫೋಟೋ

ನೇಕಾರರ ಕಾರ್ಡಿನ ಫೋಟೋದಲ್ಲಿ ಮಗ್ಗಕ್ಕೆ ಕೂತವಳು ನಾನು, ಆದರೆ ನಾನು ನೇಕಾರಳಲ್ಲ. ಜನ್ಮದಲ್ಲಿ ಒಂದು ಗೇಣು ಕುಪ್ಪಸದ ಖಣ ನೇಯ್ದವಳಲ್ಲ. ಗುಳೇದಗುಡ್ಡದ ನಮ್ಮ ಮನೆಯಲ್ಲಿ ನೆಲದ ಕುಣಿಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ ನನ್ನ ಗಂಡನ ಅಕ್ಕ ಶಂಕ್ರವ್ವನದು.

ಅತ್ತೆಗೆ ಲಕ್ವಾ ಹೊಡೆದ ಮೇಲೆ ಶಂಕ್ರವ್ವ ಕುಣಿಯಿಂದ ಎದ್ದಳು. ಉಣಿಸುವುದು, ತೊಳೆಯುವುದು, ಮಗ್ಗುಲು ಹೊರಳಿಸುವುದು — ಒಂಬತ್ತು ವರ್ಷ. ಅತ್ತೆಗೆ ನಿದ್ದೆ ಹತ್ತಿದರೆ ನಾಲ್ಕು ಬೆರಳು ನೇಯುವಳು, ನರಳಿದರೆ ಮತ್ತೆ ಏಳುವಳು. ಸೊಸೆಯಾದ ನಾನು? ಮೂಗು ಮುಚ್ಚಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆ.

ನೇಕಾರರ ಗಣತಿಗೆ ಬಂದವನು ಮಗ್ಗಕ್ಕೆ ಕೂತವರ ಫೋಟೋ ಬೇಕೆಂದ. ಶಂಕ್ರವ್ವ ಒಳಗಿನಿಂದ ಕೂಗಿದಳು: "ಒಂದ್ ಗಳಿಗಿ ತಡೀರಿ, ಅವ್ವನ್ನ ತೊಳೀಲಿಕ್ಕತ್ತೇನಿ!" ಅವನು ಗಡಿಯಾರ ನೋಡಿಕೊಂಡ. ನಾನು — ಯಾರೂ ಹೇಳಿರಲಿಲ್ಲ — ಸೀರೆ ಎತ್ತಿ ಕುಣಿಗೆ ಕಾಲು ಇಳಿಬಿಟ್ಟೆ. ಫೋಟೋ ಆಯಿತು.

"ಒಳಗ ಕೂಗಿದವ್ರು ಏನ್ ಮಾಡ್ತಾರ್ರಿ?"

"ಏನೂ ಇಲ್ರಿ. ಸುಮ್ನ ಮನ್ಯಾಗ ಇರ್ತಾರ."

ಅವನು ಹಾಗೆಯೇ ಬರೆದುಕೊಂಡ. ನೇಕಾರರ ಕಾರ್ಡು ನನ್ನ ಹೆಸರಿಗೆ ಬಂತು, ಈಗ ಪಿಂಚಣಿಯೂ ನನಗೇ. ಫೋಟೋದ ಸಂಗತಿ ಶಂಕ್ರವ್ವನಿಗೆ ಗೊತ್ತು. "ಯಾರ್ ಕುಂತರೇನು, ಮಗ್ಗ ನಮ್ದ ಅಲ್ಲೇನು" ಎಂದು ನಕ್ಕಿದ್ದಳು. ಅವಳ ಬಗ್ಗೆ ನಾನು "ಏನೂ ಇಲ್ರಿ" ಎಂದ ಮಾತು ಮಾತ್ರ ಅವಳಿಗೆ ಗೊತ್ತಿಲ್ಲ.

ಅತ್ತೆ ತೀರಿದ ಮೇಲೆ ಅವಳೂ ಪಿಂಚಣಿಗೆ ಅರ್ಜಿ ಹಿಡಿದು ಹೋದಳು. ಕಾರ್ಡು ಎಲ್ಲಿ ಎಂದರು. ಅವ್ವನನ್ನು ನೋಡಿಕೊಂಡೆ ಎಂದರೆ, ಅದಕ್ಕೆ ಕಾಲಂ ಇಲ್ಲ ಎಂದರು. ಒಂಬತ್ತು ವರ್ಷ ಹೇಲು ಬಳಿದವಳಿಗೆ ಒಂದು ಕಾಲಂ ಇಲ್ಲ! ಬೆಂಕಿ ಹಚ್ಚಬೇಕು ಆ ಫಾರಂಗೆ. ಆದರೆ ಫಾರಂ ಕುರುಡು. ನನಗೆ ಕಣ್ಣಿದ್ದವು — ಉಂಡ ಮನೆಯ ಜಂತಿ ಎಣಿಸಿದವಳು ನಾನು.

ಈಗ ನನ್ನ ಮಂಡಿ ಹೋಗಿವೆ. ಎಬ್ಬಿಸುವವಳು, ಕೂರಿಸುವವಳು ಅವಳೇ. ನಾನಿನ್ನೂ ಬದುಕಿದ್ದೇನೆಂದು ತೋರಿಸಲು ಕಳೆದ ವಾರ ಪಿಂಚಣಿ ಕಚೇರಿಗೂ ರಟ್ಟೆ ಹಿಡಿದು ಕರೆದೊಯ್ದಳು. ಗುಮಾಸ್ತ ಅವಳನ್ನು ನೋಡಿ, "ನೀವ್ಯಾರ್ರಿ?" ಎಂದ.

"ನಾ ಯಾರೂ ಅಲ್ರಿ. ಸುಮ್ನ ಕರ್ಕೊಂಡ್ ಬಂದೇನಿ."

ನಾನು ಹೆಬ್ಬೆಟ್ಟು ಒತ್ತಿದೆ. ಅವಳದೇ ರಟ್ಟೆ ಹಿಡಿದು ಮನೆಗೆ ಬಂದೆ. ಅಂದಿನಿಂದ ನನ್ನ ಮೇಲೆ ನನಗೇ ಸಿಟ್ಟು.

ನಾಳೆ ಮತ್ತೆ ಆ ಕಚೇರಿಗೆ ಹೋಗಿ ಖರೆ ಹೇಳುತ್ತೇನೆ. ಪಿಂಚಣಿ ನಿಲ್ಲಲಿ, ಕೇಸಾಗಲಿ. ಆದರೆ ಅಲ್ಲಿಗೆ ಹೋಗಲೂ ಅವಳ ಕೈಯನ್ನೇ ಹಿಡಿಯಬೇಕು. ಅಂದು ಅವಳ ಮಗ್ಗದಲ್ಲಿ ಕೂತು ಆಡಿದ ಮಾತನ್ನು ದಾರಿಯಲ್ಲಿ ಮೊದಲು ಅವಳಿಗೇ ಹೇಳಬೇಕು. ಕೇಳಿ ಅವಳು ಕೈ ಬಿಟ್ಟರೆ ನಾನು ಅಲ್ಲೇ ಬೀಳುತ್ತೇನೆ. ಬೀಳಬೇಕು.